ಯಾನಿಸ್: ಕರೆದರೆ ಕೊನೆಯ ‘ಸ್’ ಉದುರುವ ಹೆಸರು

ಬಾಲ್ಟಿಕ್ ಸಮುದ್ರದ ದಡದ ದೇಶವಾದ ಲಾಟ್ವಿಯಾದಲ್ಲಿ ಗಂಡಸರಿಗೆ ಇಡುವ ಹೆಸರುಗಳಲ್ಲಿ ‘ಯಾನಿಸ್’ ತಲೆಮಾರುಗಳಿಂದ ಮುಂದಿದೆ. 1922ರಲ್ಲಿ ಆ ದೇಶದ ಮೊದಲ ಅಧ್ಯಕ್ಷರಾದ ಚಾಕ್ಸ್ಟೆ ಅವರೂ ಯಾನಿಸ್ಸೇ. ಆದರೆ ಅಮ್ಮ ಮಗನನ್ನು ಊಟಕ್ಕೆ ಕರೆಯುವಾಗ ‘ಯಾನಿಸ್’ ಅನ್ನುವುದಿಲ್ಲ, ‘ಯಾನಿ’ ಅಂತಾಳೆ.

‘ಸ್’ ಎಲ್ಲಿ ಹೋಯ್ತು? ಅದು ವಿಭಕ್ತಿ ಪ್ರತ್ಯಯ. ನಾವು ‘ರಾಮನು ಬಂದನು’ ಅಂತ ಬರೆದು, ಕರೆಯುವಾಗ ‘ರಾಮಾ’ ಅನ್ನುತ್ತೇವೆ, ಅಲ್ವಾ? ಹಾಗೇ ಇದೂ. ಯಾನಿಸ್‌ಗೆ ಅನ್ನಲು ‘ಯಾನಿಮ್’, ಯಾನಿಸ್‌ನ ಅನ್ನಲು ‘ಯಾನ್ಯ’.

ನನಗೆ ಜಾಸ್ತಿ ಇಷ್ಟವಾದದ್ದು ಈ ‘ಸ್’ನ ನೆಂಟಸ್ತಿಕೆ. ಲಾಟ್ವಿಯನ್ ಮತ್ತು ಸಂಸ್ಕೃತ ಎರಡೂ ಇಂಡೋ-ಯೂರೋಪಿಯನ್ ಕುಟುಂಬದ ಭಾಷೆಗಳು. ದೇವರಿಗೆ ಅವರು ‘ದಿಯೆವ್ಸ್’ ಅಂತಾರೆ, ಸಂಸ್ಕೃತದಲ್ಲಿ ‘ದೇವಃ’. ತೋಳ ಅಲ್ಲಿ ‘ವಿಲ್ಕ್ಸ್’, ಇಲ್ಲಿ ‘ವೃಕಃ’. ನಾವು ಉಸಿರು ಬಿಟ್ಟು ಹೇಳುವ ಆ ವಿಸರ್ಗವೂ ಅವರ ‘ಸ್’ ಕೂಡ ಒಂದೇ ಹಳೆಯ ಪ್ರತ್ಯಯದಿಂದ ಬಂದವು!

ಬಾಲ ಊರಿನದಾದರೂ ಹೆಸರು ಮಾತ್ರ ದೂರದ್ದು. ಹೀಬ್ರೂವಿನ ‘ಯೋಹಾನಾನ್’, ಅಂದರೆ ದೇವರು ಕೃಪೆ ತೋರಿದ, ಗ್ರೀಕ್ ಮತ್ತು ಲ್ಯಾಟಿನ್ ದಾಟಿ ಜರ್ಮನ್ನರ ಬಾಯಲ್ಲಿ ‘ಯೋಹಾನ್’, ‘ಯಾನ್’ ಆಗಿ, 12ನೇ ಶತಮಾನದ ಕೊನೆಯಿಂದ ಈ ಕರಾವಳಿಗೆ ಬಂದ ಜರ್ಮನ್ ಪಾದ್ರಿಗಳು ಮತ್ತು ವ್ಯಾಪಾರಿಗಳ ಜೊತೆ ಬಾಲ್ಟಿಕ್ ನಾಡನ್ನು ಮುಟ್ಟಿತು. ಇಂಗ್ಲಿಷಿನ ಜಾನ್, ರಷ್ಯನ್ನಿನ ಇವಾನ್, ಕನ್ನಡ ಬೈಬಲಿನ ಯೋಹಾನ ಎಲ್ಲ ಒಂದೇ ಬೇರಿನವು.

ಆದರೆ ಲಾಟ್ವಿಯನ್ನರಿಗೆ ಯಾನಿಸ್ ಅಂದರೆ ಮೊದಲು ನೆನಪಾಗುವುದು ಬೇಸಿಗೆಯ ಅತಿ ಚಿಕ್ಕ ರಾತ್ರಿ. ಜೂನ್ 24 ಚರ್ಚಿನ ಲೆಕ್ಕದಲ್ಲಿ ಸ್ನಾನಿಕ ಯೋಹಾನನ ದಿನ, ಊರಿನ ಲೆಕ್ಕದಲ್ಲಿ ಬಿಸಿಲಿನ ಹಬ್ಬ. ಎರಡೂ ಬೆರೆತು ‘ಯಾನ್ಯಿ’ ಹಬ್ಬವಾಯಿತು. ಜನಪದ ಹಾಡುಗಳಲ್ಲಿ ಯಾನಿಸ್ ‘ದಿಯೆವ್ಸ್’ನ ಮಗನೇ ಆಗಿಬಿಟ್ಟ.

ಹಿಂದಿನ ಸಂಜೆ ಗಂಡಸರು ಓಕ್ ಎಲೆಯ ದಪ್ಪ ಕಿರೀಟ ತೊಡುತ್ತಾರೆ, ಹೆಂಗಸರು ಹೂವಿನದು. ಹಾಲನ್ನು ಬಿಸಿ ಮಾಡಿ ಒಡೆಸಿ, ಗಟ್ಟಿಯಾದದ್ದನ್ನು ಬಸಿದು, ಬೆಣ್ಣೆ, ಮೊಟ್ಟೆ ಮತ್ತು ಜೀರಿಗೆಯ ಹಾಗೇ ಕಾಣುವ ಘಮಘಮ ಕಾಳು ಹಾಕಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ದುಂಡನೆಯ ಹಳದಿ ಚೀಸ್ ಸಿದ್ಧ. ರಾತ್ರಿಯಿಡೀ ಬೆಂಕಿ ಉರಿಯುತ್ತದೆ. ಮನೆಯಿಂದ ಮನೆಗೆ ಹಾಡುತ್ತಾ ಬರುವ ಗುಂಪಿನಲ್ಲಿ ಅಜ್ಜ-ಅಜ್ಜಿಯರಿದ್ದರೂ ಸರಿ, ಅವರೆಲ್ಲರ ಹೆಸರು ಆವತ್ತು ‘ಯಾನ್ಯು ಬೆರ್ನಿ’, ಯಾನ್ಯಿ ಹಬ್ಬದ ಮಕ್ಕಳು.