ಒಂದು ಹಾಡಿಗೆ ಒಂದು ಗಿಟಾರ್: ಸೋನಿಕ್ ಯೂತ್ ತಂತಿಗಳ ವಿಜ್ಞಾನ

1999ರ ಜುಲೈ 4ರಂದು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಎಂಬ ಊರಿನಲ್ಲಿ ಒಂದು ಟ್ರಕ್ ಕಳುವಾಯಿತು. ನ್ಯೂಯಾರ್ಕಿನ ಸೋನಿಕ್ ಯೂತ್ ಎಂಬ ರಾಕ್ ಬ್ಯಾಂಡಿನ ಗಿಟಾರುಗಳು, ಆಂಪ್ಲಿಫೈಯರುಗಳು, ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಡಲುಗಳು ಅದರಲ್ಲಿದ್ದವು. ಆ ಹೊತ್ತಿಗೆ ಬ್ಯಾಂಡು ಒಳ್ಳೆಯ ಹೆಸರು ಮಾಡಿತ್ತು. ಹೊಸ ಗಿಟಾರ್ ಕೊಳ್ಳುವುದು ಅವರಿಗೆ ದೊಡ್ಡ ವಿಷಯವಲ್ಲ. ಆದರೆ ತಮ್ಮದೇ ಹಳೆಯ ಹಾಡುಗಳಲ್ಲಿ ಎಷ್ಟನ್ನೋ ನುಡಿಸುವುದೇ ಕಷ್ಟವಾಯಿತು. ಕಳುವಾದ ಗಿಟಾರುಗಳು ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ಪ್ರತಿಯೊಂದರ ಶ್ರುತಿಯೂ ಬೇರೆ, ತಂತಿಗಳ ದಪ್ಪವೂ ಬೇರೆ. ಕೆಲವಂತೂ ಒಂದೋ ಎರಡೋ ಹಾಡಿಗೇ ಮೀಸಲಾಗಿದ್ದವು.

ಈ ಬ್ಯಾಂಡು ಶುರುವಾದದ್ದು 1981ರಲ್ಲಿ. ಗಿಟಾರ್ ನುಡಿಸುತ್ತಿದ್ದವರು ಮುಖ್ಯವಾಗಿ ಥರ್ಸ್ಟನ್ ಮೂರ್ ಮತ್ತು ಲೀ ರಾನಾಲ್ಡೋ, ಬೇಸ್ ಗಿಟಾರಿನಲ್ಲಿ ಕಿಮ್ ಗಾರ್ಡನ್. ಮೊದಲ ವರ್ಷಗಳಲ್ಲಿ ಕೈಯಲ್ಲಿ ಕಾಸಿರಲಿಲ್ಲ. ಸಿಕ್ಕಿದ್ದು ಅಗ್ಗದ, ಹಳೆಯ ಗಿಟಾರುಗಳು. ಅವರ ಸಂಗೀತ ಯಾಕೆ ಬೇರೆಯವರದಕ್ಕಿಂತ ಬೇರೆ ಥರ ಕೇಳುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಗಿಟಾರಿನ ಮಾಮೂಲಿ ಶ್ರುತಿಯಲ್ಲಿ ಆರು ತಂತಿಗಳೂ ಬೇರೆ ಬೇರೆ ಸ್ವರಕ್ಕೆ ನಿಂತಿರುತ್ತವೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಅತಿ ತೆಳು ತಂತಿ ಸುಮಾರು 330 ಸಲ. ಉಳಿದ ಸ್ವರಗಳು ಬೇಕಾದರೆ ಗಿಟಾರಿನ ಕತ್ತಿನ ಮೇಲಿರುವ ಲೋಹದ ಅಡ್ಡಪಟ್ಟಿಗಳ, ಅಂದರೆ ಫ್ರೆಟ್‌ಗಳ ನಡುವೆ ಬೆರಳಿನಿಂದ ಒತ್ತಬೇಕು. ಒತ್ತಿದಾಗ ತಂತಿಯ ಉದ್ದ ಕಡಿಮೆಯಾಗುತ್ತದೆ. ಜೊತೆಗೆ ತಂತಿ ಸ್ವಲ್ಪ ಎಳೆದಂತೆಯೂ ಆಗುತ್ತದೆ, ಬಿಗಿ ಹೆಚ್ಚುತ್ತದೆ, ಸ್ವರ ಒಂಚೂರು ಮೇಲೇರುತ್ತದೆ. ಒಳ್ಳೆಯ ಗಿಟಾರಿನಲ್ಲಿ ತಂತಿಗಳು ಆತು ನಿಂತ ಬ್ರಿಜ್ಜನ್ನು, ಅಂದರೆ ಕುದುರೆಯನ್ನು, ಹಿಂದೆ ಮುಂದೆ ಸರಿಸಿ ಇದನ್ನು ಸರಿಪಡಿಸುತ್ತಾರೆ. ಕತ್ತು ಬಾಗಿದ, ಫ್ರೆಟ್ ಸವೆದ ಗಿಟಾರಿನಲ್ಲಿ ಇದು ಆಗದ ಮಾತು. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಅಪಸ್ವರ.

ಆದರೆ ಒತ್ತದೆ ಬಿಟ್ಟ ತಂತಿಗೆ ಈ ಕಾಟವೇ ಇಲ್ಲ, ಅಲ್ವಾ? ಗಿಟಾರ್ ಎಷ್ಟೇ ಕೆಟ್ಟದಿರಲಿ, ಖಾಲಿ ತಂತಿಗಳನ್ನು ಒಂದಕ್ಕೊಂದು ಚೊಕ್ಕವಾಗಿ ಹೊಂದಿಸಬಹುದು. ಸೋನಿಕ್ ಯೂತ್ ಮಾಡಿದ್ದು ಅದನ್ನೇ. ಬೇಕಾದ ಸ್ವರಗಳನ್ನು ಖಾಲಿ ತಂತಿಗಳಲ್ಲೇ ಕೂರಿಸಿದರು. ರಾನಾಲ್ಡೋ ಬಳಸಿದ ಒಂದು ಶ್ರುತಿ ಹೀಗಿದೆ: ಜಿ ಜಿ ಡಿ ಡಿ ಜಿ ಜಿ. ನಮ್ಮ ಲೆಕ್ಕದಲ್ಲಿ ಜಿ ಅನ್ನು ಷಡ್ಜ ಅಂದುಕೊಂಡರೆ ಡಿ ಪಂಚಮ. ಅಂದರೆ ಸ ಸ ಪ ಪ ಸ ಸ. ತಂಬೂರಿ ಮೀಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದೇ ಸ್ವರಕ್ಕೆ ಎರಡು ತಂತಿ ಯಾಕೆ? ಒಂದು ತಂತಿ ಸೆಕೆಂಡಿಗೆ 196 ಸಲ, ಇನ್ನೊಂದು 197 ಸಲ ಕಂಪಿಸುತ್ತಿದೆ ಅನ್ನಿ. ಎರಡೂ ಜೊತೆಯಾಗಿ ಸಾಗುವಾಗ ದನಿ ಜೋರಾಗುತ್ತದೆ, ಎದುರುಬದುರಾದಾಗ ಕುಗ್ಗುತ್ತದೆ. ಹೀಗೆ ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ಬೀಟ್ಸ್ ಅನ್ನುತ್ತಾರೆ. ಶ್ರುತಿ ಕೂಡಿಸುವವರು ಈ ಏರಿಳಿತ ನಿಲ್ಲುವವರೆಗೂ ಬಿರಡೆ ತಿರುಗಿಸುತ್ತಾರೆ. ರಾಕ್ ಗಿಟಾರಿನಲ್ಲಿ ಅದನ್ನು ಪೂರ್ತಿ ನಿಲ್ಲಿಸದೆ, ಒಂದಿಷ್ಟು ಉಳಿಸಿಕೊಂಡರೆ ದನಿಗೆ ಜೀವ ಬರುತ್ತದೆ. ಆರು ತಂತಿಯ ಒಂದು ವಾದ್ಯ ದೊಡ್ಡ ಮೇಳದಂತೆ ಕೇಳಲು ಇದೇ ಕಾರಣ.

ಇದಕ್ಕೆ ಡಿಸ್ಟಾರ್ಷನ್ ಸೇರಿದಾಗ ವಿಜ್ಞಾನ ಇನ್ನೂ ಚೆಂದ. ಆಂಪ್ಲಿಫೈಯರಿಗೋ ಪೆಡಲಿಗೋ ತಡೆಯಲಾರದಷ್ಟು ಜೋರು ಸಿಗ್ನಲ್ ಕೊಟ್ಟರೆ ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಆಗ ತಂತಿಯಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. 200 ಮತ್ತು 300 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ) ಎರಡು ಸ್ವರ ಒಟ್ಟಿಗೆ ಹೋದರೆ, ಅವುಗಳ ವ್ಯತ್ಯಾಸವಾದ 100, ಮೊತ್ತವಾದ 500 ಕೂಡ ಹೊರಬರುತ್ತವೆ. 200 ಮತ್ತು 300 ಅಂದರೆ ಸ ಮತ್ತು ಪ. 100 ಅಂದರೆ ಮಂದ್ರದ ಸ. ಎಲ್ಲವೂ ಒಂದೇ ಕುಟುಂಬ, ಒಂದಕ್ಕೊಂದು ಒಪ್ಪುತ್ತವೆ. ಅದೇ 200ರ ಜೊತೆಗೆ ಪಿಯಾನೋ ಶ್ರುತಿಯ ಗಾಂಧಾರ, ಅಂದರೆ 252 ಹರ್ಟ್ಸ್ ಸೇರಿಸಿ ನೋಡಿ. ಹುಟ್ಟುವುದು 52 ಮತ್ತು 452. ಇವು ಯಾವುದಕ್ಕೂ ಕೂಡುವುದಿಲ್ಲ, ದನಿ ಗೊರಗೊರ ಅನ್ನುತ್ತದೆ. ಜೋರು ಡಿಸ್ಟಾರ್ಷನ್ ಹಾಕುವ ಗಿಟಾರಿಸ್ಟರು ಸ-ಪ ಜೋಡಿಯನ್ನೇ ಜಾಸ್ತಿ ನೆಚ್ಚಿಕೊಳ್ಳುವುದು ಇದಕ್ಕೇ.

ತಂಬೂರಿಯ ಹೋಲಿಕೆ ಸುಮ್ನೆ ಆಡಿದ ಮಾತಲ್ಲ. ಸೋನಿಕ್ ಯೂತ್ ಶುರುವಾದ ಆಸುಪಾಸಿನಲ್ಲಿ ಮೂರ್ ಮತ್ತು ರಾನಾಲ್ಡೋ ಗ್ಲೆನ್ ಬ್ರಾಂಕಾ ಎಂಬ ಸಂಗೀತಗಾರರ ಗಿಟಾರ್ ಮೇಳದಲ್ಲಿ ನುಡಿಸುತ್ತಿದ್ದರು. ಬ್ರಾಂಕಾ ಅದಕ್ಕೂ ಮುಂಚೆ ರೀಸ್ ಚಾಥಮ್ ಜೊತೆ ನುಡಿಸಿದ್ದವರು. ಚಾಥಮ್ ಕಲಿತದ್ದು ಲಾ ಮಾಂಟ್ ಯಂಗ್ ಬಳಿ. ಒಂದೇ ಸ್ವರವನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುವ ಸಂಗೀತ ಯಂಗ್ ಅವರದು. ಆ ಯಂಗ್ 1970ರಲ್ಲಿ ಪಂಡಿತ್ ಪ್ರಾಣನಾಥ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡು ಅವರ ಶಿಷ್ಯರಾದರು. ಪ್ರಾಣನಾಥ್ ಕಿರಾನಾ ಘರಾಣೆಯವರು, ಅಬ್ದುಲ್ ವಾಹಿದ್ ಖಾನರ ಶಿಷ್ಯರು. ಅದೇ ಘರಾಣೆಯ ಇನ್ನೊಂದು ಕವಲು ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂತು. ಮೂರ್, ರಾನಾಲ್ಡೋ ಕಿರಾನಾ ಕಲಿತರು ಅಂತ ನಾನು ಹೇಳುತ್ತಿಲ್ಲ. ಆದರೆ ಶ್ರುತಿಯೊಳಗೆ ಕಿವಿಯಿಟ್ಟು ಕೂರುವ ಆ ಅಭ್ಯಾಸ ಒಬ್ಬರಿಂದೊಬ್ಬರಿಗೆ ದಾಟುತ್ತಾ ನ್ಯೂಯಾರ್ಕಿನ ರಾಕ್ ಕ್ಲಬ್ಬುಗಳ ಹತ್ತಿರಕ್ಕೂ ಹೋಯಿತು. ನನಗೆ ಇದು ತುಂಬ ಸಂತೋಷದ ಸಂಗತಿ.

ಇನ್ನು ವಾದ್ಯದ ವಿಷಯ. ಮೂರ್, ರಾನಾಲ್ಡೋ ಇಬ್ಬರೂ ಮೆಚ್ಚಿದ್ದು ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್ ಗಿಟಾರ್. 1958ರಲ್ಲಿ ಜಾಝ್ ನುಡಿಸುವವರಿಗಾಗಿ ತಯಾರಾಯಿತು. ಜಾಝ್‌ನವರು ಅದರತ್ತ ಹೆಚ್ಚು ತಿರುಗಿ ನೋಡಲಿಲ್ಲ. 1980ರ ದಶಕದಲ್ಲಿ ಹಳೆಯ ಜಾಝ್‌ಮಾಸ್ಟರುಗಳು ಕಡಿಮೆ ಬೆಲೆಗೆ ಸಿಗುತ್ತಿದ್ದವು. ಈ ಗಿಟಾರಿನಲ್ಲಿ ಬ್ರಿಜ್ಜಿನ ಆಚೆಗೂ ತಂತಿ ಸಾಕಷ್ಟು ಉದ್ದ ಉಳಿಯುತ್ತದೆ. ಬೇರೆಯವರಿಗೆ ಅದು ಉಪಯೋಗವಿಲ್ಲದ ಜಾಗ. ಇವರು ಅಲ್ಲೂ ಮೀಟಿದರು. ಗಂಟೆಯಂಥ ಸಣ್ಣ, ಮೊನಚು ದನಿ ಬಂತು.

ಅಷ್ಟಕ್ಕೇ ನಿಲ್ಲಲಿಲ್ಲ. ತಂತಿಗಳ ಅಡಿಗೆ ಡ್ರಮ್ ಕೋಲು, ಸ್ಕ್ರೂಡ್ರೈವರ್ ತೂರಿಸಿದರು. ನೋಡುವವರಿಗೆ ಹುಚ್ಚಾಟ. ಲೆಕ್ಕ ಮಾತ್ರ ಅಚ್ಚುಕಟ್ಟು. ಜಾಝ್‌ಮಾಸ್ಟರಿನಲ್ಲಿ ಕಂಪಿಸುವ ತಂತಿಯ ಉದ್ದ ಸುಮಾರು 648 ಮಿಲಿಮೀಟರ್. ಬ್ರಿಜ್ಜಿನಿಂದ 216 ಮಿಲಿಮೀಟರ್ ದೂರದಲ್ಲಿ, ಅಂದರೆ ಮೂರನೇ ಒಂದು ಭಾಗದಲ್ಲಿ ಕೋಲು ಇಟ್ಟರೆ ತಂತಿ ಎರಡು ಪಾಲಾಗುತ್ತದೆ. ಚಿಕ್ಕ ಪಾಲನ್ನು ಮೀಟಿದರೆ ಮೂಲ ಸ್ವರದ ಮೂರು ಪಟ್ಟು ಕಂಪನ. ದೊಡ್ಡ ಪಾಲು ನಡುವೆ ಮಡಿಚಿಕೊಂಡು ಎರಡು ಭಾಗವಾಗಿ ಕಂಪಿಸಿದರೆ ಅದರದ್ದೂ ಅಷ್ಟೇ ಕಂಪನ. ಹಾಗಾಗಿ ಮುಟ್ಟದ ಕಡೆಯೂ ತಾನಾಗಿ ಮೊಳಗುತ್ತದೆ. ಕೋಲು ಹೀಗೆ ಸರಳ ಭಿನ್ನರಾಶಿಯ ಜಾಗದಲ್ಲಿ ಇಲ್ಲದಿದ್ದರೆ ಆ ಅನುರಣನ ಅಷ್ಟಾಗಿ ಬರುವುದಿಲ್ಲ. ಕೋಲು ತಂತಿಯನ್ನು ಎತ್ತುವುದರಿಂದ ಬಿಗಿಯೂ ಬದಲಾಗುತ್ತದೆ. ಆದ್ದರಿಂದ ಕೊನೆಗೆ ಕಿವಿಯೇ ಜಾಗ ಹುಡುಕಬೇಕು.

ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವುದು ಪಿಕಪ್. ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ, ಅಷ್ಟೇ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವವೇ ಇಲ್ಲಿ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ ಆ ಸುರುಳಿ ಗೋಡೆಯೊಳಗಿನ ಕರೆಂಟನ್ನೂ ಹಿಡಿಯುತ್ತದೆ. ಅಮೆರಿಕದಲ್ಲಿ 60, ನಮ್ಮಲ್ಲಿ 50 ಹರ್ಟ್ಸ್‌ನ ಗುಂಯ್ ದನಿ ಅದೇ. ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿದರೆ ಗದ್ದಲ ಒಂದನ್ನೊಂದು ಅಳಿಸಿಹಾಕುತ್ತದೆ, ಸಂಗೀತ ಉಳಿಯುತ್ತದೆ. ಇದೇ ಹಂಬಕರ್. ರಾನಾಲ್ಡೋ ಜಾಝ್‌ಮಾಸ್ಟರಿನ ಮೂಲ ಪಿಕಪ್ ಕಿತ್ತು ಹಳೆಯ ಫೆಂಡರ್ ಹಂಬಕರುಗಳನ್ನು ಕೂರಿಸಿದರು. 2009ರಲ್ಲಿ ಫೆಂಡರ್ ಕಂಪನಿಯೇ ಇಬ್ಬರ ಹೆಸರಿನಲ್ಲೂ ಜಾಝ್‌ಮಾಸ್ಟರ್ ಹೊರತಂದಿತು. ಹಳೆಯ ಮಾದರಿಯ ಅಷ್ಟೊಂದು ಗುಂಡಿ, ಸ್ವಿಚ್ಚುಗಳ ಬದಲು ಒಂದು ವಾಲ್ಯೂಮ್, ಒಂದು ಪಿಕಪ್ ಸ್ವಿಚ್ ಮಾತ್ರ. ಉಳಿದ ಕೆಲಸವೆಲ್ಲ ಕಾಲಡಿಯ ಪೆಡಲುಗಳದ್ದು.

ಇಂಥ ಬ್ಯಾಂಡಿನ ದಿನಚರಿಯೂ ವಾದ್ಯಗಳನ್ನೇ ಸುತ್ತುತ್ತದೆ. ವೇದಿಕೆಯಲ್ಲಿ ಹಾಡು ಮುಗಿದ ಕೂಡಲೇ ಗಿಟಾರ್ ಬದಲಾಗಬೇಕು. ಶ್ರುತಿ ಅಲ್ಲೇ ಬದಲಿಸಲು ಆಗುವುದಿಲ್ಲ. ತಂತಿಯ ಕಂಪನ ಎರಡು ಪಟ್ಟಾಗಬೇಕಾದರೆ ಬಿಗಿ ನಾಲ್ಕು ಪಟ್ಟಾಗಬೇಕು. ತಂತಿ ಹರಿಯುತ್ತದೆ, ಇಲ್ಲವೇ ಕತ್ತು ಬಾಗುತ್ತದೆ. ಅದಕ್ಕೇ ದಪ್ಪ ಬದಲಿಸಿ ತಂತಿ ಹಾಕಿದ ಬೇರೆ ಗಿಟಾರ್ ಸಿದ್ಧವಿರಬೇಕು. ಬಿಸಿಲು, ಸೆಕೆ, ಎಸಿ ಎಲ್ಲವೂ ಶ್ರುತಿ ಕೆಡಿಸುತ್ತವೆ. ತೆರೆಮರೆಯಲ್ಲಿ ಸಾಲು ಗಿಟಾರುಗಳನ್ನು ಶ್ರುತಿಗೆ ತರುವ ತಂತ್ರಜ್ಞರಿಲ್ಲದೆ ಈ ಸಂಗೀತ ಸಾಗದು. ಅವರ ಹೆಸರು ಕೇಳುಗರಿಗೆ ಗೊತ್ತಾಗುವುದು ಅಪರೂಪ, ಗೊತ್ತಾಗಬೇಕಿತ್ತು.

ಆಂಪ್ಲಿಫೈಯರಿನ ಎದುರು ಗಿಟಾರ್ ಹಿಡಿದು ನಿಂತರೆ ಅದರ ದನಿಯೇ ತಂತಿಯನ್ನು ಮತ್ತೆ ಅಲುಗಿಸುತ್ತದೆ. ಆ ಅಲುಗಾಟ ಮತ್ತೆ ದನಿಯಾಗುತ್ತದೆ. ಈ ಫೀಡ್‌ಬ್ಯಾಕ್‌ನಲ್ಲಿ ಒಂದು ಹೆಜ್ಜೆ ಸರಿದರೂ ಬೇರೆ ಸ್ವರ ಮೇಲೇಳಬಹುದು. ಆದರೆ ಅದಕ್ಕೆ ಭಾರೀ ಸದ್ದು ಬೇಕು, ಆ ಸದ್ದಿನ ಮುಂದೆ ಕಿವಿಯೂ ಇರಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಒಳಕಿವಿಯ ಕೂದಲ ಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಕಾರ್ಯಕ್ರಮ ಕೇಳಲು ಹೋಗುವವರಿಗೂ ಇದೇ ಲೆಕ್ಕ. ಮಾಮೂಲಿ ಫೋಮ್ ಇಯರ್‌ಪ್ಲಗ್ ತಾರ ಸ್ವರಗಳನ್ನೇ ಜಾಸ್ತಿ ತಿಂದುಹಾಕುತ್ತದೆ, ಸಂಗೀತ ಮಂಕಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಪ್ಲಗ್‌ಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತವೆ. ಬ್ಯಾಂಡ್ ಕಟ್ಟುವ ಹುಡುಗ ಹುಡುಗಿಯರು ಎರಡನೇ ಪೆಡಲ್ ಕೊಳ್ಳುವ ಮೊದಲು ಅದನ್ನು ಕೊಳ್ಳಲಿ.