ಕಾರ್ಮಿಕ ಪರಿಹಾರ ವಿಮೆ: ಪಾಲಿಸಿಯಲ್ಲಿ ಯಾವ ಕೆಲಸ ಬರೆಸಿದ್ದೀರಿ?

ಬೆಂಗಳೂರಿನ ಹೊರವಲಯದ ಪೀಠೋಪಕರಣ ಮಳಿಗೆಯೊಂದರ ಮಾಲೀಕರು ಕೆಲವು ವರ್ಷಗಳ ಹಿಂದೆ ತಮ್ಮ ವಿಮಾ ಪಾಲಿಸಿ ಹಿಡಿದು ನನ್ನ ಬಳಿ ಬಂದಿದ್ದರು. ಮಳಿಗೆಯ ಹಿಂದಿನ ಶೆಡ್ಡಿನಲ್ಲಿ ಗರಗಸದ ಯಂತ್ರಕ್ಕೆ ಸಿಕ್ಕಿ ಅವರ ಬಡಗಿಯೊಬ್ಬರ ಬೆರಳುಗಳು ತುಂಡಾಗಿದ್ದವು. ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಕೂಡ ಕಟ್ಟಿದ್ದಾಗಿತ್ತು. ಆದರೆ ಅದರಲ್ಲಿ ‘ಅಂಗಡಿ ನೌಕರರು, ಆರು ಮಂದಿ’ ಎಂದಷ್ಟೇ ಬರೆದಿತ್ತು. ಮರ ಕೊಯ್ಯುವವರ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ವಿಮಾ ಕಂಪನಿ ಹಣ ಕೊಡಲು ಒಪ್ಪಲಿಲ್ಲ, ಪರಿಹಾರದ ಪೂರ್ತಿ ಹೊರೆ ಮಾಲೀಕರ ಮೇಲೆಯೇ ಬಿತ್ತು. ಅವರು ವಂಚಿಸಲು ಹೊರಟವರಲ್ಲ. ಉದ್ದಿಮೆ ಬದಲಾದರೆ ಈ ವಿಮೆಯೂ ಬದಲಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಪರಿಹಾರದ ಲೆಕ್ಕ ಮಾತ್ರ ಎಲ್ಲ ಉದ್ದಿಮೆಗಳಿಗೂ ಒಂದೇ. 1923ರ ಕಾರ್ಮಿಕ ಪರಿಹಾರ ಕಾಯ್ದೆ ಹಾಕಿಕೊಟ್ಟ ಆ ಸೂತ್ರವನ್ನು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಸಾವು ಸಂಭವಿಸಿದರೆ ತಿಂಗಳ ಸಂಬಳದ ಶೇ. 50ನ್ನು, ಶಾಶ್ವತವಾಗಿ ಪೂರ್ಣ ಅಂಗವಿಕಲತೆಯಾದರೆ ಶೇ. 60ನ್ನು, ವಯಸ್ಸಿಗೆ ನಿಗದಿಯಾದ ಗುಣಾಂಕದಿಂದ ಗುಣಿಸಬೇಕು. ನಲವತ್ತು ವರ್ಷದವರಿಗೆ ಆ ಗುಣಾಂಕ 184.17. 2020ರ ಜನವರಿಯಲ್ಲಿ ನಿಗದಿಯಾದ 15,000 ರೂಪಾಯಿ ಸಂಬಳದ ಮಿತಿಯನ್ನು ಹಿಡಿದರೆ ಸಾವಿಗೆ 13,81,275 ರೂಪಾಯಿ, ಪೂರ್ಣ ಅಂಗವಿಕಲತೆಗೆ 16,57,530 ರೂಪಾಯಿ ಆಗುತ್ತದೆ. ಸತ್ತವರು ಗುಮಾಸ್ತರಾಗಿರಲಿ, ಕಲ್ಲು ಒಡೆಯುವವರಾಗಿರಲಿ, ಈ ಮೊತ್ತದಲ್ಲಿ ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಅಪಘಾತದ ಸಂಭವದಲ್ಲಿ, ಹಾಗಾಗಿ ಪ್ರೀಮಿಯಂನಲ್ಲಿ. ವಿಮಾ ಕಂಪನಿ ವರ್ಷಕ್ಕೆ ಕೊಡುವ ಒಟ್ಟು ಸಂಬಳದ ಮೇಲೆ, ಕೆಲಸದ ಬಗೆಗೆ ತಕ್ಕ ದರದಲ್ಲಿ ಪ್ರೀಮಿಯಂ ಲೆಕ್ಕ ಹಾಕುತ್ತದೆ. ಒಂದೇ ಸಂಸ್ಥೆಯಲ್ಲಿ ಲೆಕ್ಕ ಬರೆಯುವವರಿಗೆ ಒಂದು ದರ, ಯಂತ್ರದ ಮುಂದೆ ನಿಲ್ಲುವವರಿಗೆ ಇನ್ನೊಂದು ದರ. ಕೆಲಸದ ಗಾಯಕ್ಕೂ ಪರಿಹಾರ ಕೊಡುವ ಸರ್ಕಾರಿ ಯೋಜನೆಯಾದ ನೌಕರರ ರಾಜ್ಯ ವಿಮೆ (ಇಎಸ್‌ಐ) ಇದಕ್ಕೆ ತದ್ವಿರುದ್ಧ: ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ, 21,000 ರೂಪಾಯಿವರೆಗಿನ ಸಂಬಳಕ್ಕೆ ಮಾಲೀಕರದು ಶೇ. 3.25, ಕಾರ್ಮಿಕರದು ಶೇ. 0.75, ಅಪಾಯ ಎಷ್ಟೇ ಇದ್ದರೂ ದರ ಅದೇ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆಯವರು ಬಹುಪಾಲು ಇದರೊಳಗೆ ಬರುತ್ತಾರೆ. ಆದರೆ ಅದೇ ಕಾರ್ಖಾನೆಯಲ್ಲಿ 21,000ಕ್ಕಿಂತ ಹೆಚ್ಚು ಸಂಬಳ ಪಡೆಯುವ ಮೆಕ್ಯಾನಿಕ್ ಮತ್ತು ಸೂಪರ್‌ವೈಸರ್‌ಗಳು ಹೊರಗುಳಿದಿದ್ದರೆ ಅವರಿಗೆ ಪ್ರತ್ಯೇಕ ಪಾಲಿಸಿ ಬೇಕು. ಇದನ್ನು ಮರೆತ ಕಾರ್ಖಾನೆಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ತೋಟದ ಮಾಲೀಕರಿಗೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ‘ತೋಟದ ಆಳು’ ಎಂಬ ಒಂದೇ ಪದ ನಾಲ್ಕಾರು ಬೇರೆ ಬೇರೆ ಅಪಾಯಗಳನ್ನು ಮುಚ್ಚಿಡುತ್ತದೆ. ಹಣ್ಣು ಕೊಯ್ಯುವವರು ನೆಲದ ಮೇಲೆ ನಿಂತಿರುತ್ತಾರೆ. ಮರಗಸಿ ಮಾಡುವವರು, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವವರು, ಸಿಲ್ವರ್ ಓಕ್ ಮರದ ತುದಿಯಲ್ಲಿರುತ್ತಾರೆ. ಮೆಣಸು ಬಿಡಿಸುವವರು ಹೊತ್ತೊಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿದರೆ ಕ್ಷಣದಲ್ಲಿ ಜೀವ ಹೋಗುತ್ತದೆ. ಬೆಳಿಗ್ಗೆ ಕೆಲಸಕ್ಕೆ ನಡೆದು ಬರುವಾಗ ಆನೆ ಎದುರಾಗುವ ಭಯವೂ ಇದೆ. ಮನೆಯಿಂದ ಕೆಲಸದ ಜಾಗಕ್ಕೆ ಹೋಗಿ ಬರುವಾಗ ಆಗುವ ಅಪಘಾತವನ್ನು, ಅದಕ್ಕೂ ಕೆಲಸಕ್ಕೂ ಸಂಬಂಧವಿದ್ದಲ್ಲಿ, ಕೆಲಸದ ಅಪಘಾತವೆಂದೇ ಹೊಸ ಸಂಹಿತೆ ಪರಿಗಣಿಸುವುದರಿಂದ ಈ ದಾರಿಯ ಪ್ರಶ್ನೆಗೆ ಈಗ ಹೆಚ್ಚಿನ ತೂಕ ಬಂದಿದೆ. ಮರ ಹತ್ತುವವರನ್ನು ಬೇರೆಯಾಗಿ ನಮೂದಿಸಿ ಎಂದು ನಾನು ಹೇಳುತ್ತೇನೆ; ಪ್ರೀಮಿಯಂ ಏರುತ್ತದೆ, ಆದರೆ ಪಾಲಿಸಿಯ ಅಗತ್ಯ ಅತಿ ಹೆಚ್ಚಾಗಿರುವುದು ಅವರಿಗೇ.

ಗ್ರಾನೈಟ್ ಘಟಕಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಕಲ್ಲಿನ ಧೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಅದು ಇದೆ, ಹಾಗಾಗಿ ಮಾಲೀಕರ ಹೊಣೆಯೂ ಇದೆ. ಆದರೆ ಸಾಮಾನ್ಯ ಪಾಲಿಸಿ ಈ ರೋಗಗಳನ್ನು ತಾನಾಗಿ ಒಳಗೊಳ್ಳುವುದಿಲ್ಲ, ಹೆಚ್ಚುವರಿ ಹಣ ಕೊಟ್ಟು ಸೇರಿಸಿಕೊಳ್ಳಬೇಕು. ಕಟ್ಟಡ ಕೆಲಸದಲ್ಲಿ ಗುತ್ತಿಗೆದಾರರೇ ಮುಖ್ಯ ಪ್ರಶ್ನೆ. ಸೆಂಟ್ರಿಂಗ್ ಕೆಲಸದವರು ಮೇಸ್ತ್ರಿಯ ಕಡೆಯವರಾದರೂ ಪರಿಹಾರವನ್ನು ಮೂಲ ಮಾಲೀಕರಿಂದಲೇ ಕೇಳಬಹುದು. ಕೊಟ್ಟದ್ದನ್ನು ಗುತ್ತಿಗೆದಾರರಿಂದ ವಸೂಲು ಮಾಡುವುದು ಮಾಲೀಕರ ಪಾಡು. ಆದ್ದರಿಂದ ಗುತ್ತಿಗೆ ಕಾರ್ಮಿಕರನ್ನೂ ಪಾಲಿಸಿಯಲ್ಲಿ ತೋರಿಸಿರಬೇಕು. ಲಾರಿ ಚಾಲಕರ ವಿಷಯದಲ್ಲಿ ವಾಹನದ ವಿಮೆಯೇ ಬಹುಮಟ್ಟಿಗೆ ಈ ಹೊಣೆ ಹೊರುತ್ತದೆ.

ಗಾಯದ ತೂಕವನ್ನೂ ಕೆಲಸವೇ ನಿರ್ಧರಿಸುವುದುಂಟು. ಒಂದು ಕೈ ಹೋದರೆ ಕಾನೂನಿನ ಪಟ್ಟಿಯ ಪ್ರಕಾರ ದುಡಿಮೆಯ ಶಕ್ತಿಯ ನಷ್ಟ ಶೇ. 60, ಅಂದರೆ ಮೇಲೆ ಹೇಳಿದ ಪೂರ್ಣ ಅಂಗವಿಕಲತೆಯ ಮೊತ್ತದಲ್ಲಿ ಶೇ. 60, 9,94,518 ರೂಪಾಯಿ. ಆದರೆ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ, ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಗಿ ಬಂದ ಬಡಗಿಯೊಬ್ಬರ ನಷ್ಟವನ್ನು ಸುಪ್ರೀಂ ಕೋರ್ಟ್ 1975ರಲ್ಲಿ ಪೂರ್ಣ ನಷ್ಟವೆಂದು ಎತ್ತಿಹಿಡಿಯಿತು, ಏಕೆಂದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಧ್ಯವಿಲ್ಲ. ಪಟ್ಟಿಯ ಅಂಕಿಯನ್ನೇ ನಂಬಿ ಕೂತವರು ಈ ತೀರ್ಪನ್ನು ಗಮನದಲ್ಲಿಡಬೇಕು. ಪರಿಹಾರ ಒಂದು ತಿಂಗಳೊಳಗೆ ಸಂದಾಯವಾಗದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ, ದಂಡ ಪರಿಹಾರದ ಅರ್ಧದವರೆಗೂ ಹೋಗಬಹುದು, ಮತ್ತು ಈ ಎರಡನ್ನೂ ಹೊರಗಿಡುವ ಪಾಲಿಸಿಗಳಿವೆ.

ಆ ಮಳಿಗೆಯ ಪಾಲಿಸಿಯಲ್ಲಿ ಈಗ ಎರಡು ಸಾಲುಗಳಿವೆ: ಮಾರಾಟ ನೌಕರರು ನಾಲ್ವರು, ಮರಗೆಲಸದ ಯಂತ್ರ ನಡೆಸುವ ಬಡಗಿಗಳು ಇಬ್ಬರು. ಪ್ರತಿ ನವೀಕರಣಕ್ಕೂ ಮುನ್ನ ನಾನು ಮೊದಲು ಹೋಗಿ ನೋಡುವುದು ಹಿಂದಿನ ಶೆಡ್ಡನ್ನು.