ಕಾರ್ಡಿನ ಮೇಲೆ ಮೀಂಡ್: ಸಿತಾರ್ ಮಿಶ್ರಣದ ಒಳಲೆಕ್ಕ

ಸಿತಾರ್ ಜೊತೆಗೆ ಗಿಟಾರ್, ಸಿಂಥಸೈಜರ್, ಡ್ರಮ್ಸ್ ಸೇರಿದ ಆಲ್ಬಂ ಬಂದಾಗಲೆಲ್ಲ ವಿಮರ್ಶೆಯ ಮಾತು ರಾಗದ ಶುದ್ಧತೆಯ ಕಡೆಗೇ ಹೊರಳುತ್ತದೆ. ಇಂಥ ಸಂಗೀತವನ್ನು ಸ್ಟುಡಿಯೊದಲ್ಲಿ ಮುದ್ರಿಸಿ ಮಿಕ್ಸ್ ಮಾಡುವ ನನ್ನಂಥವರಿಗೆ ಆ ಚರ್ಚೆ ತುಸು ತಡವಾಗಿ ಬಂದಂತೆ ತೋರುತ್ತದೆ. ಕೀಬೋರ್ಡಿನ ಗಾಂಧಾರಕ್ಕೂ (‘ಗ’ ಸ್ವರ) ಸಿತಾರಿನ ಗಾಂಧಾರಕ್ಕೂ ಇರುವ ಅಂತರವನ್ನು ಏನು ಮಾಡಬೇಕು, ತಾಳದ ಭಾರ ಎಲ್ಲಿ ಬೀಳಬೇಕು ಎಂಬುದು ಮೈಕ್ ಇಡುವ ಮುನ್ನವೇ ತೀರ್ಮಾನವಾಗಿರಬೇಕು. ಮಿಶ್ರಣ ನಿಲ್ಲುವುದೂ ಬೀಳುವುದೂ ಬಹುಪಾಲು ಆ ತೀರ್ಮಾನದಿಂದಲೇ.

ಸಿತಾರಿನ ಮೆಟ್ಟಿಲುಗಳನ್ನು (ಫ್ರೆಟ್) ದಾರದಿಂದ ಕಟ್ಟಿರುವುದರಿಂದ ಅವನ್ನು ರಾಗಕ್ಕೆ ತಕ್ಕಂತೆ ಸರಿಸಬಹುದು. ಯಮನ್ ರಾಗ ನುಡಿಸುವವರು ಶುದ್ಧ ಗಾಂಧಾರವನ್ನು ತಂಬೂರಿಯ ನಾದದೊಳಗೆ ತಾನಾಗಿ ಕೇಳಿಬರುವ ಗಾಂಧಾರಕ್ಕೆ ಕೂಡಿಸುತ್ತಾರೆ. ಪಿಯಾನೊ ಮತ್ತು ಕೀಬೋರ್ಡುಗಳಲ್ಲಿ ಸಪ್ತಕವನ್ನು 12 ಸಮಭಾಗ ಮಾಡಿರುವುದರಿಂದ ಅದೇ ಸ್ವರ ಸುಮಾರು 14 ಸೆಂಟ್ ಮೇಲಕ್ಕೇರಿರುತ್ತದೆ. ಇಡೀ ಸಪ್ತಕಕ್ಕೆ 1200 ಸೆಂಟ್ ಎಂದು ಹಿಡಿದರೆ ಇದು ಅಲ್ಪವೆನಿಸಬಹುದು. ಆದರೆ ಸಿ ಶಾರ್ಪ್ ಶ್ರುತಿಯಲ್ಲಿ, ಮಧ್ಯ ಸಪ್ತಕದ ಈ ಎರಡು ಗಾಂಧಾರಗಳು ಒಟ್ಟಿಗೆ ನಿಂತಾಗ ಸೆಕೆಂಡಿಗೆ ಹೆಚ್ಚುಕಡಿಮೆ ಮೂರು ಸಲ ನಾದ ಅಲೆಯಾಡುವುದು ತರಬೇತಿಯಿಲ್ಲದ ಕಿವಿಗೂ ತಿಳಿಯುತ್ತದೆ. ಅದಕ್ಕೂ ಮಿಗಿಲಾದ ನಷ್ಟವಾಗುವುದು ತರಬ್ ತಂತಿಗಳಿಗೆ. ಮೆಟ್ಟಿಲುಗಳ ಅಡಿಯಲ್ಲಿ ಹಾಯುವ ಹನ್ನೊಂದೋ ಹದಿಮೂರೋ ತಂತಿಗಳು ತಮ್ಮ ಸ್ವರ ಕರಾರುವಾಕ್ಕಾಗಿ ಬಂದಾಗ ಮಾತ್ರ, ಮುಟ್ಟದೆಯೇ ಪೂರ್ತಿ ಮಿಡಿಯುತ್ತವೆ. ಕೀಬೋರ್ಡಿಗೆ ಹೊಂದಲೆಂದು ವಾದಕರು ನುಡಿಸುವ ಮುಖ್ಯ ತಂತಿಯಾದ ಬಾಜ್‌ನ ಸ್ವರವನ್ನು ತುಸು ಏರಿಸಿದರೆ, ತರಬ್ ಅನ್ನು ಮತ್ತೆ ಕೂಡಿಸದ ಹೊರತು ವಾದ್ಯ ಮಂಕಾಗುತ್ತದೆ. ಕೇಳುಗರು ಆಗ ರೆಕಾರ್ಡಿಂಗ್ ಸರಿಯಿಲ್ಲ ಎನ್ನುತ್ತಾರೆ.

ಮೀಂಡ್ ಇನ್ನಷ್ಟು ಕಠಿಣ. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಪಕ್ಕಕ್ಕೆಳೆದು ನಾಲ್ಕೈದು ಸ್ವರ ದಾಟುವಾಗ ನಡುವಿನ ದಾರಿಯೇ ರಾಗ. ಆ ದಾರಿಯುದ್ದಕ್ಕೂ ಕೆಳಗೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಅಲ್ಲಾಡದೆ ನಿಂತಿದ್ದರೆ ಪ್ರತಿ ಘಳಿಗೆಯೂ ಒಂದೋ ಹೊಂದಿಕೆಯಂತೆ, ಇಲ್ಲವೇ ಅಪಸ್ವರದಂತೆ ಕೇಳಿಸುತ್ತದೆ. ದರ್ಬಾರಿ ರಾಗದ ಆಂದೋಲಿತ, ಅಂದರೆ ತೂಗಾಡುವ, ಕೋಮಲ ಗಾಂಧಾರದ ಕೆಳಗೆ ಮೈನರ್ ಕಾರ್ಡ್ ಹಾಸಿದರೆ ದರ್ಬಾರಿ ಅಲ್ಲಿಗೆ ಮುಗಿಯಿತು. ಪಳಗಿದ ಸಂಯೋಜಕರು ಆದ್ದರಿಂದಲೇ ಕಾರ್ಡಿನಿಂದ ಗಾಂಧಾರವನ್ನು ತೆಗೆದು ಷಡ್ಜ-ಪಂಚಮಗಳನ್ನಷ್ಟೇ ಪ್ಯಾಡ್ ಆಗಿ (ಹಿನ್ನೆಲೆಯಲ್ಲಿ ನಿಂತ ನಾದವಾಗಿ) ಉಳಿಸುತ್ತಾರೆ, ಇಲ್ಲವೇ ರಾಗವನ್ನೇ ಎಚ್ಚರದಿಂದ ಆರಿಸುತ್ತಾರೆ. 21ನೆಯ ಮೇಳಕರ್ತ ಕೀರವಾಣಿಯೂ 26ನೆಯ ಚಾರುಕೇಶಿಯೂ ಕರ್ನಾಟಕ ಪದ್ಧತಿಯಿಂದ ಹಿಂದೂಸ್ತಾನಿಗೆ ಹೋದವು. ಕೀರವಾಣಿಯ ಸ್ವರಗಳು ಪಾಶ್ಚಾತ್ಯರ ಹಾರ್ಮೋನಿಕ್ ಮೈನರಿನ ಸ್ವರಗಳೇ ಆಗಿರುವುದರಿಂದ ಬೇಕಾದ ಕಾರ್ಡುಗಳೆಲ್ಲ ರಾಗದೊಳಗೇ ಸಿಗುತ್ತವೆ. ಮಿಶ್ರ ಆಲ್ಬಂಗಳಲ್ಲಿ ಕೀರವಾಣಿ ಪದೇ ಪದೇ ಬರುವುದಕ್ಕೆ ಪ್ರೀತಿಗಿಂತ ಈ ಅನುಕೂಲವೇ ಹೆಚ್ಚಿನ ಕಾರಣವೆಂಬುದು ನನ್ನ ಗುಮಾನಿ.

ಸಿತಾರ್ ವಾದಕ ರವಿಶಂಕರ್ ಈ ತೊಡಕನ್ನು ಬಹಳ ಮೊದಲೇ ಅರಿತಿದ್ದರು. ಯೆಹೂದಿ ಮೆನುಹಿನ್ ಅವರೊಂದಿಗಿನ 1967ರ ‘ವೆಸ್ಟ್ ಮೀಟ್ಸ್ ಈಸ್ಟ್’ನಲ್ಲಿ ಪಿಟೀಲು ಸಿತಾರಿನ ದಾರಿಗೆ ಬರುತ್ತದೆಯೇ ಹೊರತು ಸಿತಾರ್ ಹಾರ್ಮನಿಯ ದಾರಿಗೆ ಹೋಗುವುದಿಲ್ಲ. ಲಂಡನ್ ಸಿಂಫನಿ ಆರ್ಕೆಸ್ಟ್ರಾಕ್ಕೆಂದು ರಚಿಸಿ 1971ರಲ್ಲಿ ಆಂದ್ರೆ ಪ್ರೆವಿನ್ ನಿರ್ದೇಶನದಲ್ಲಿ ಮುದ್ರಿಸಿದ ಕಾನ್ಸರ್ಟೋದ ನಾಲ್ಕು ಭಾಗಗಳು ಖಮಾಜ್, ಸಿಂಧು ಭೈರವಿ, ಅಡಾಣಾ, ಮಾಂಜ್ ಖಮಾಜ್ ರಾಗಗಳಲ್ಲಿವೆ. ಅಷ್ಟು ದೊಡ್ಡ ವಾದ್ಯವೃಂದವಿದ್ದರೂ ಅಲ್ಲಿ ನಡೆಯುವುದು ಹೆಚ್ಚಾಗಿ ಸವಾಲ್-ಜವಾಬ್, ಅಂದರೆ ಪ್ರಶ್ನೋತ್ತರ. ಆನಂದ ಶಂಕರ್ 1970ರ ಆಲ್ಬಂನಲ್ಲಿ ಮೂಗ್ ಸಿಂಥಸೈಜರ್ ಹಾಗೂ ರಾಕ್ ಹಾಡುಗಳೊಂದಿಗೆ ಹಿಡಿದದ್ದು ತದ್ವಿರುದ್ಧ ಮಾರ್ಗ. ಅಲ್ಲಿ ಸಿತಾರ್ ಹಾಡಿನ ಧಾಟಿಯನ್ನು ನುಡಿಸುತ್ತದೆ, ರಾಗ ವಿಸ್ತಾರದ ಭರವಸೆಯನ್ನೇ ಕೊಡುವುದಿಲ್ಲ. ಅದನ್ನು ಹಗುರವೆಂದು ತಳ್ಳಿಹಾಕುವವರು ಇದ್ದಾರೆ. ನನಗೆ ಅದರ ಮುಚ್ಚುಮರೆಯಿಲ್ಲದ ನಿಲುವು ಹಿಡಿಸುತ್ತದೆ. ಅಮೆರಿಕದ ಸಂಯೋಜಕ ಫಿಲಿಪ್ ಗ್ಲಾಸ್ ಜೊತೆಗಿನ ರವಿಶಂಕರ್ ಅವರ 1990ರ ‘ಪ್ಯಾಸೇಜಸ್’ ಈ ಎರಡರ ನಡುವೆ ನಿಲ್ಲುತ್ತದೆ: ಗ್ಲಾಸ್ ಅವರ ಹಾರ್ಮನಿ ನಿಧಾನವಾಗಿ ಚಲಿಸುವುದರಿಂದ ಧಾಟಿಗೆ ಉಸಿರಾಡಲು ಜಾಗ ಸಿಗುತ್ತದೆ.

ತಾಳದ ವಿಷಯದಲ್ಲಿ ಸಿತಾರ್ ವಾದಕಿ ಅನುಷ್ಕಾ ಶಂಕರ್ ಅವರ 2011ರ ‘ಟ್ರಾವೆಲರ್’ ಬಿಡಿಸಿ ನೋಡಲು ಯೋಗ್ಯವಾದ ಆಲ್ಬಂ. ನಿರ್ಮಾಪಕರು ಸ್ಪೇನಿನ ಹಾವಿಯೆರ್ ಲಿಮೋನ್, ಜೊತೆಗಾರ ಪರಂಪರೆ ಫ್ಲಾಮೆಂಕೊ. ಫ್ಲಾಮೆಂಕೊದ ಬುಲೇರಿಯಾಸ್ ಎಂಬ ಪ್ರಕಾರಕ್ಕೂ ನಮ್ಮ ಏಕತಾಲಕ್ಕೂ ಹನ್ನೆರಡೇ ಮಾತ್ರೆ ಎಂಬ ಸಾಮ್ಯ ಕಂಡು ಅನೇಕರು ಹಿಗ್ಗುತ್ತಾರೆ. ಲೆಕ್ಕ ಒಂದೇ ಆದರೂ ಭಾರ ಬೇರೆ. ಏಕತಾಲ ಎರಡೆರಡು ಮಾತ್ರೆಯ ಆರು ವಿಭಾಗಗಳಲ್ಲಿ ಸಾಗಿ ಒಂದನೆಯ ಮಾತ್ರೆಯಾದ ಸಮ್‌ಗೆ ಮರಳುತ್ತದೆ. ಬುಲೇರಿಯಾಸ್‌ನಲ್ಲಿ ಒತ್ತು ಸಾಮಾನ್ಯವಾಗಿ 12, 3, 6, 8, 10ರ ಮೇಲೆ ಬಿದ್ದು, ಸಂಗೀತದ ವಾಕ್ಯ ಹಲವು ಸಲ ಹತ್ತರಲ್ಲೇ ಮುಗಿಯುತ್ತದೆ. ಹಾಗಾಗಿ ಸಿತಾರಿನ ತಿಹಾಯಿ (ಮೂರು ಸಲ ನುಡಿಸುವ ಮುಕ್ತಾಯದ ತುಣುಕು) ಸಮ್‌ಗೆ ಬಂದಿಳಿಯುವ ಹೊತ್ತಿಗೆ ಗಿಟಾರ್ ವಾದಕರ ಮಾತು ಮುಗಿದು ಮೂರು ಮಾತ್ರೆ ಕಳೆದಿರುತ್ತದೆ. ಇಬ್ಬರಲ್ಲೊಬ್ಬರು ತಮ್ಮ ಮುಕ್ತಾಯದ ಸ್ಥಾನವನ್ನು ಬಿಟ್ಟುಕೊಡಬೇಕು, ಅಥವಾ ಎರಡು ಮುಕ್ತಾಯಗಳನ್ನೂ ಉಳಿಸಿ ಆ ನಡುವಿನ ಬಿಗಿತವನ್ನೇ ರಚನೆಯ ಭಾಗವಾಗಿಸಬೇಕು. ಎರಡನೆಯ ದಾರಿಗೆ ತಬಲಾ ವಾದಕರೂ ಫ್ಲಾಮೆಂಕೊದ ಚಪ್ಪಾಳೆ ಹಾಕುವವರೂ ಮುಖಾಮುಖಿ ಕೂತು ಅಭ್ಯಾಸ ಮಾಡಲೇಬೇಕು. ಬೇರೆ ಬೇರೆ ಊರುಗಳಲ್ಲಿ ಮುದ್ರಿಸಿದ ಟ್ರ್ಯಾಕ್‌ಗಳನ್ನು ಜೋಡಿಸಿ ಅದನ್ನು ಸಾಧಿಸಿದ್ದನ್ನು ನಾನು ಕೇಳಿಲ್ಲ.

ವಾದಕರ ಕಿವಿಗೆ ಲಯ ಹಿಡಿದುಕೊಡುವ ಟಕಟಕ ಸದ್ದಾದ ಕ್ಲಿಕ್ ಟ್ರ್ಯಾಕ್‌ನ ಕಥೆಯೂ ಇದರೊಂದಿಗೇ ಬರುತ್ತದೆ. ಪ್ರೋಗ್ರಾಮ್ ಮಾಡಿದ ಬೀಟ್‌ಗಳಿಗೆ ಅಲುಗಾಡದ ಲಯ ಬೇಕು, ಆದರೆ ಗತ್, ಅಂದರೆ ತಾಳಕ್ಕೆ ಕೂಡಿದ ರಚನೆ, ವಿಲಂಬಿತದಿಂದ ದ್ರುತಕ್ಕೆ, ಅಲ್ಲಿಂದ ಅತಿವೇಗದ ಝಾಲಾಕ್ಕೆ ತಾನಾಗಿ ಏರುವಂಥದ್ದು. ಕ್ಲಿಕ್‌ನಲ್ಲೇ ಮೆಟ್ಟಿಲುಮೆಟ್ಟಿಲಾಗಿ ವೇಗ ಏರಿಸಬಹುದು, ಆದರೆ ಏರಿಕೆಯ ಕ್ಷಣವನ್ನು ಆರಿಸುವ ಹಕ್ಕು ವಾದಕರ ಕೈತಪ್ಪುತ್ತದೆ. ತಾಳವಿಲ್ಲದ ಆಲಾಪಕ್ಕಂತೂ ಕ್ಲಿಕ್‌ನೊಳಗೆ ಸ್ಥಳವೇ ಇಲ್ಲ. ಹೀಗಾಗಿ ಎಷ್ಟೋ ಆಲ್ಬಂಗಳಲ್ಲಿ ಆಲಾಪವೆಂದರೆ ಬೀಟ್ ಶುರುವಾಗುವ ಮುನ್ನ ಅರ್ಧ ನಿಮಿಷದ ಅಲಂಕಾರ. ಧಾರವಾಡದ ಉಸ್ತಾದ್ ಬಾಲೇ ಖಾನ್ ಅವರ ಸಿತಾರ್ ಕೇಳಿ ಬೆಳೆದವರಿಗೆ ಆ ಅರ್ಧ ನಿಮಿಷ ಊಟಕ್ಕೆ ಕರೆದು ಎಲೆ ತೆಗೆದಂತೆ ಅನಿಸಿದರೆ ತಪ್ಪೇನಿಲ್ಲ. ಅನುಷ್ಕಾ ಅವರೇ ಹಲವು ಮಿಶ್ರ ಆಲ್ಬಂಗಳ ನಂತರ 2015ರಲ್ಲಿ ಪೂರ್ತಿ ಶಾಸ್ತ್ರೀಯವಾದ ‘ಹೋಮ್’ ಹೊರತಂದರು. ‘ಟ್ರಾವೆಲರ್’, ‘ಹೋಮ್’ ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದರೆ ಸಮಯದ ಕೊರತೆ ಏನೇನನ್ನು ಕಸಿದುಕೊಳ್ಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಕೊನೆಯ ಹಂತವಾದ ಮಿಕ್ಸಿಂಗ್‌ನಲ್ಲಿ ಜವಾರಿ ಎಂಬ ಸಿತಾರಿನ ಝೇಂಕಾರದ ಪ್ರಶ್ನೆ ಏಳುತ್ತದೆ. ಸಿತಾರಿನ ಅಗಲವಾದ ಕುದುರೆಯ (ಬ್ರಿಜ್) ಮೇಲ್ಮೈಗೆ ತಂತಿ ಸವರಿಕೊಂಡು ಕಂಪಿಸುವುದರಿಂದ ಎತ್ತರದ ಉಪಸ್ವರಗಳು ಹೇರಳವಾಗಿ ಹುಟ್ಟುತ್ತವೆ. ಡ್ರಮ್ಸಿನ ಕಂಚಿನ ಸಿಂಬಲ್‌ಗಳೂ ಡಿಸ್ಟಾರ್ಷನ್ ಗಿಟಾರ್ ಕೂಡ ಅದೇ ಎತ್ತರದಲ್ಲಿ ಗದ್ದಲ ಮಾಡುತ್ತವೆ. ಸಿತಾರ್ ಮುಂದೆ ಬರಲಿ ಎಂದು ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಬಿಗಿಮಾಡಿದರೆ ಮಿಜ್ರಾಬಿನ (ಬೆರಳಿಗೆ ತೊಡುವ ತಂತಿಯುಂಗುರ) ಹೊಡೆತ ಮೊಂಡಾಗಿ, ಹಿಂದಿನ ತರಬ್ ಮಂಜಿನಂತೆ ಮೇಲೆದ್ದು ಎಲ್ಲವನ್ನೂ ಕವಿಯುತ್ತದೆ. ಉಳಿದ ವಾದ್ಯಗಳನ್ನು ಕಡಿಮೆ ಮಾಡುವುದೇ ನನಗೆ ಗೊತ್ತಿರುವ ಪರಿಹಾರ, ಮತ್ತದು ನಿರ್ಮಾಪಕರಿಗೆ ಇಷ್ಟವಾಗದ ಪರಿಹಾರ. ಸಿತಾರ್ ವಾದಕ ನೀಲಾದ್ರಿ ಕುಮಾರ್ ಈ ಸಮಸ್ಯೆಗೆ ವಾದ್ಯವನ್ನೇ ಬದಲಿಸಿ ಉತ್ತರ ಕೊಟ್ಟರು. ತಂತಿಗಳ ಸಂಖ್ಯೆಯನ್ನು ಇಳಿಸಿ, ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಅಳವಡಿಸಿ ಅವರು ರೂಪಿಸಿದ ಜಿಟಾರ್, ಎಲೆಕ್ಟ್ರಿಕ್ ಗಿಟಾರಿನ ದನಿಯಲ್ಲಿ ಸಿತಾರಿನ ಮೀಂಡ್ ನುಡಿಯುತ್ತದೆ. ತುಂಬಿದ ಬ್ಯಾಂಡಿನ ನಡುವೆಯೂ ಅದನ್ನು ಕೂರಿಸಲು ನನಗೆ ಕಂಪ್ರೆಸರ್ ಮುಟ್ಟಬೇಕಾದ ಪ್ರಸಂಗ ಬರುವುದು ಕಡಿಮೆ.